ಹಳೇ ಗೋವಾದ ಆರ್ಚ್‌ಬಿಷಪ್ ಅರಮನೆಯಲ್ಲಿ ಈಗ ಏನಿದೆ?

ಪ್ರಶ್ನೆ: ಭಾನುವಾರ ಊರಿಂದ ಬರುವ ಅಪ್ಪ ಅಮ್ಮನನ್ನು ವಾಸ್ಕೋದಿಂದ ಹಳೇ ಗೋವಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಸೇ ಕೆಥೆಡ್ರಲ್‌ಗೂ ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿಗೂ ನಡುವೆ ಒಂದು ಬಿಳಿ ಕಟ್ಟಡ ಇದೆ ಅಲ್ವಾ, ಅದು ಬಿಷಪ್ ಮನೆಯಾಗಿತ್ತಂತೆ. ಯಾಕೆ ಬಿಟ್ಟು ಹೋದರು?

ಉತ್ತರ 1: ಹೌದು, ಆರ್ಚ್‌ಬಿಷಪ್ ಅರಮನೆ ಅದೇ. ಅದೊಂದೇ ಅಲ್ಲ, ರೋಗ ಇಡೀ ಊರನ್ನೇ ಖಾಲಿ ಮಾಡಿಸಿತು. ಮಲೇರಿಯಾ, ಕಾಲರಾ ಹೊಡೆತಕ್ಕೆ ಜನ ಜಾಗ ಬಿಟ್ಟರು, 1759ರಲ್ಲಿ ಪೋರ್ಚುಗೀಸ್ ವೈಸರಾಯ್ ಪಣಜಿಗೆ ಹೋದರು, 1843ರಲ್ಲಿ ರಾಜಧಾನಿಯೂ ಅಧಿಕೃತವಾಗಿ ಅಲ್ಲೇ ಆಯಿತು. ಈಗಿನ ಆರ್ಚ್‌ಬಿಷಪ್ ಅರಮನೆ ಪಣಜಿಯ ಅಲ್ಟಿನೊ ಗುಡ್ಡದ ಮೇಲಿದೆ. 1986ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಉಳಿದದ್ದು ಅಲ್ಲೇ.

ಉತ್ತರ 2: ಹಳೇ ಅರಮನೆಯಲ್ಲಿ ಕ್ರಿಸ್ತು ಕಲಾ ಮಂದಿರ ಅಂತ ಕ್ರೈಸ್ತ ಕಲೆಯ ಗ್ಯಾಲರಿ ಮಾಡಿದ್ದಾರೆ. ತುಂಬಾ ಒಳ್ಳೆ ಕೆಲಸ. ಸುಮ್ನೆ ಬೀಗ ಹಾಕಿಟ್ಟರೆ ಇಲ್ಲಿನ ಮಳೆಗೆ ಯಾವ ಕಟ್ಟಡವೂ ಉಳಿಯುವುದಿಲ್ಲ, ಸುಣ್ಣದ ಗಾರೆ ಉದುರಿದ ಕಡೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ನೀರು ಕುಡಿದು ಕರಗುತ್ತಾ ಹೋಗುತ್ತದೆ. ಹಳೇ ಗೋವಾದಲ್ಲೇ ಗುಡ್ಡದ ಮೇಲಿನ ಸಂತ ಅಗಸ್ಟೀನ್ ಚರ್ಚ್ ನೋಡಿ. 1835ರಲ್ಲಿ ಬಿಟ್ಟರು, 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಗೋಪುರದ ಅರ್ಧ ಭಾಗವೂ ಬಿತ್ತು.

ಉತ್ತರ 3: ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿನ ಪಕ್ಕದ ಹಳೇ ಕಾನ್ವೆಂಟ್‌ನಲ್ಲಿರುವ (ಅಂದರೆ ಕ್ರೈಸ್ತ ಸನ್ಯಾಸಿಗಳ ಮಠ, ಶಾಲೆ ಅಲ್ಲ) ಪುರಾತತ್ವ ಮ್ಯೂಸಿಯಂ ಕೂಡ ತೋರಿಸಿ. ಶುಕ್ರವಾರ ರಜೆ, ಭಾನುವಾರ ಆದರೆ ತೊಂದರೆ ಇಲ್ಲ.