ಸಹಾಯ ಬೇಕು: ತಲೆ ಸುತ್ತಳತೆ 58, ಯಾವ ಸೈಜಿನ ಟೋಪಿ ತಗೊಳ್ಳೋದು?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಬಿಸಿಲಿಗೆ ಅಂತ ಅಗಲ ಅಂಚಿನ ಟೋಪಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಬೇಕು. ಸೈಜ್ ವಿಷಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಟೈಲರ್ ಟೇಪನ್ನು ಹುಬ್ಬಿನಿಂದ ಸ್ವಲ್ಪ ಮೇಲೆ, ಕಿವಿಗೆ ತಾಗದ ಹಾಗೆ, ಹಿಂದೆ ತಲೆ ಉಬ್ಬಿರುವ ಜಾಗದ ಮೇಲಿಂದ ಸುತ್ತಿ ಅಳೆದೆ. ಎಷ್ಟು ಸಲ ನೋಡಿದರೂ 58 ಸೆಂಟಿಮೀಟರೇ ಬರುತ್ತದೆ.

ಗೊಂದಲ ಇರುವುದು ಚಾರ್ಟಿನಲ್ಲಿ. 58 ಅಂದರೆ ಅಮೆರಿಕದ ಲೆಕ್ಕದಲ್ಲಿ 7 1/4, ಬ್ರಿಟನ್ ಲೆಕ್ಕದಲ್ಲಿ 7 1/8. ಆದರೆ ಯಾವ ದೇಶದ ಲೆಕ್ಕ ಅಂತ ಎಷ್ಟೋ ಕಡೆ ಬರೆದೇ ಇರುವುದಿಲ್ಲ. ಒಂದು ಕಡೆ 58 ಮೀಡಿಯಂ, ಇನ್ನೊಂದು ಕಡೆ ಲಾರ್ಜ್. ಮಾರುವವರನ್ನು ಕೇಳಿದರೆ ಸುಮ್ನೆ ಅದೇ ಚಾರ್ಟನ್ನು ಮತ್ತೆ ಕಳಿಸಿದರು.

ಹಿಂದೆ ತರಿಸಿದ್ದ ಮೀಡಿಯಂ ಟೋಪಿ ಅಪ್ಪನ ಹಣೆ ಮೇಲೆ ಕೆಂಪು ಗೆರೆ ಮೂಡುವಷ್ಟು ಬಿಗಿ, ಆದರೆ ಕಿವಿಗಳ ಮೇಲೆ ಬೆರಳು ತೂರುವಷ್ಟು ಸಡಿಲ. ಅವರ ತಲೆ ಹಿಂದೆ ಮುಂದೆ ಸ್ವಲ್ಪ ಜಾಸ್ತಿ ಉದ್ದ, ಅದಕ್ಕೇ ಇರಬೇಕು. ದೊಡ್ಡದು ತಗೊಂಡು ಒಳಪಟ್ಟಿಯ ಹಿಂದೆ ಫೋಮ್ ಸೇರಿಸಬಹುದು, ಚಿಕ್ಕದಾದರೆ ಹಿಗ್ಗಿಸುವುದು ಕಷ್ಟ ಅಲ್ವಾ?

ಇಂಥ ಉದ್ದ ತಲೆಗೆ 58ನ್ನೇ ತಗೊಳ್ಳಬೇಕಾ, ಇಲ್ಲ 59 ತಗೊಂಡು ಎರಡೂ ಪಕ್ಕಕ್ಕೆ ಫೋಮ್ ಹಾಕಬೇಕಾ? ಹಾಗೆ ಮಾಡಿ ನೋಡಿದವರು ದಯವಿಟ್ಟು ಹೇಳಿ.