ಕ್ಯಾಚ್‌ಫ್ರೇಸ್‌ಗೆ ಕನ್ನಡದಲ್ಲಿ ಏನಂತೀರಿ, ಅಂಕಿತಾನಾ ಸೊಲ್ಲಾ? (ಗೆಸ್ಟ್ ಸ್ಟಾರ್‌ದೂ ಒಂದು ತಕರಾರಿದೆ)

ಎಲ್ರಿಗೂ ನಮಸ್ಕಾರ,

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಕ್ವಿಜ್‌ಗೆ ಇಲ್ಲಿನ ಹಳೇ ಟಿವಿ ಕಾಮಿಡಿಗಳ ಬಗ್ಗೆ ಒಂದು ರೌಂಡ್ ಇಡೋಣ ಅಂತಾಯ್ತು, ಪ್ರಶ್ನೆಗಳೆಲ್ಲ ಕನ್ನಡದಲ್ಲೇ ಇರ್ಬೇಕು ಅನ್ನೋದು ಷರತ್ತು, ಪ್ರಶ್ನೆಗಳೇನೋ ಸಲೀಸಾಗಿ ಸಿಕ್ವು ಆದ್ರೆ ಕ್ಯಾಚ್‌ಫ್ರೇಸ್ (ಒಂದು ಪಾತ್ರ ಮತ್ತೆ ಮತ್ತೆ ಹೇಳಿ ಹೇಳಿ ಅದ್ರ ಗುರುತೇ ಆಗಿಬಿಡೋ ಮಾತು) ಅನ್ನೋ ಪದದ ಹತ್ರ ಬಂದು ಗಾಡಿ ನಿಂತೋಯ್ತು. ಹಿಂದಿ ಉರ್ದುನವರಿಗೆ ತಕಿಯಾ ಕಲಾಮ್ ಅಂತ ಸೊಗಸಾದ ಪದ ಒಂದಿದೆ. ನಮ್ಮಲ್ಲಿ? ಪಂಚ್ ಡೈಲಾಗ್ ಅಂತ ಒಬ್ರು ಹೇಳಿದ್ರು, ಅದು ಬೇರೆ ಕಣ್ರೀ, ಪಂಚ್ ಒಂದ್ಸಲ ಹೊಡೆದ್ರೆ ಸಾಕು, ಇದು ವಾರ ವಾರಾನೂ ಬರ್ಬೇಕು, ಬರ್ದಿದ್ರೆ ನೋಡೋರಿಗೆ ಬೇಜಾರಾಗ್ಬೇಕು. ಪಲ್ಲವಿ ಅಂದ್ರೆ ಹಾಡು ನೆನಪಾಗತ್ತೆ. ಘೋಷವಾಕ್ಯ ಅಂದ್ರೆ ಎಲೆಕ್ಷನ್ ವಾಸನೆ.

ನನಗೆ ಹೊಳೆದಿದ್ದು ಎರಡು. ಮೊದಲ್ನೇದು ಅಂಕಿತ. ಕೂಡಲಸಂಗಮದೇವ ಅಂತ ಬಂದ ತಕ್ಷಣ ಇದು ಬಸವಣ್ಣನವರದ್ದು ಅಂತ ಗೊತ್ತಾಗತ್ತಲ್ಲ, ಹಾಗೇ "ಡೋ!" ಅಂದ್ರೆ ಸಿಂಪ್ಸನ್ಸ್ ಕಾರ್ಟೂನ್ ಶೋದ ಹೋಮರ್ ಸಿಂಪ್ಸನ್, ಇನ್ಯಾರ ಬಾಯಲ್ಲಿ ಬಂದ್ರೂ ಅದು ಅವನದ್ದೇ. (ಸ್ಕ್ರಿಪ್ಟ್‌ನಲ್ಲಿ ಡೋ ಅಂತ ಬರೆದೇ ಇರಲ್ವಂತೆ, ಸಿಟ್ಟಿನ ಗೊಣಗು ಅಂತಷ್ಟೇ ಇರತ್ತೆ. ದನಿ ಕೊಡೋ ಡ್ಯಾನ್ ಕ್ಯಾಸ್ಟೆಲನೆಟಾ ಲಾರೆಲ್ ಹಾರ್ಡಿ ಸಿನಿಮಾಗಳ ಜೇಮ್ಸ್ ಫಿನ್ಲೇಸನ್ ಎಳೆದೆಳೆದು ಗೊಣಗ್ತಿದ್ದುದನ್ನ ಮೊಟಕು ಮಾಡಿ ತಗೊಂಡಿದ್ದು, 2001ರಲ್ಲಿ ಅದು ಆಕ್ಸ್‌ಫರ್ಡ್ ಡಿಕ್ಷನರಿಗೂ ಸೇರ್ತು.) ಎರಡನೇದು ಸೊಲ್ಲು, ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವಾಗ ಹಿಮ್ಮೇಳದವರು ಮತ್ತೆ ಮತ್ತೆ ಹಿಡಿಯೋದು. ಡಿಫರೆಂಟ್ ಸ್ಟ್ರೋಕ್ಸ್ ಅನ್ನೋ ಕಾಮಿಡಿಯಲ್ಲಿ ಪುಟ್ಟ ತಮ್ಮನಾಗಿ ಗ್ಯಾರಿ ಕೋಲ್ಮನ್ ಕೆನ್ನೆ ಉಬ್ಬಿಸ್ಕೊಂಡು ಅಣ್ಣನ್ನ ನೋಡಿ "ವಾಚು ಟಾಕಿನ್ ಬೌಟ್ ವಿಲಿಸ್" (ಏನ್ ಮಾತಾಡ್ತಿದೀಯ ವಿಲಿಸ್) ಅಂತಾನಲ್ಲ, ಅದು ಬರೋದನ್ನೇ ಕಾಯ್ಕೊಂಡಿರೋ ಜನಕ್ಕೆ ಅದು ಸೊಲ್ಲೇ.

ಅಂದ್ರೆ ಹೇಳೋನ ಕಡೆಯಿಂದ ಅಂಕಿತ, ಕೇಳೋರ ಕಡೆಯಿಂದ ಸೊಲ್ಲು. ನನ್ನ ಮನಸ್ಸು ಅಂಕಿತದ ಕಡೆಗೇ ವಾಲ್ತಿದೆ, ಆದ್ರೆ ನಿಕ್ಸನ್ ಅಡ್ಡ ಬರ್ತಾನೆ. 1968 ಸೆಪ್ಟೆಂಬರ್, ಅಮೆರಿಕದ ಅಧ್ಯಕ್ಷರ ಎಲೆಕ್ಷನ್ ಜೋರಾಗಿ ನಡೀತಿದ್ದಾಗ ಲಾಫ್ ಇನ್ ಅನ್ನೋ ಕಾಮಿಡಿ ಶೋದಲ್ಲಿ (ಸಿಟ್‌ಕಾಮ್ ಅಲ್ಲ, ಚೂರುಚೂರು ಜೋಕ್‌ಗಳದ್ದು) ರಿಚರ್ಡ್ ನಿಕ್ಸನ್ ಕ್ಯಾಮೆರಾ ನೋಡಿ "ಸಾಕ್ ಇಟ್ ಟು ಮೀ?" (ಬಾರಿಸಿ ನನಗೆ ಅನ್ನೋ ಥರ) ಅಂತ ಒಂದೇ ಮಾತು ಹೇಳಿ ಹೋದ. ಅದು ಆ ಶೋದ ಜೂಡಿ ಕಾರ್ನ್ ಹೇಳ್ತಿದ್ದ ಮಾತು, ಹೇಳಿದ್ರೆ ಆಕೆ ಮೇಲೆ ಬಕೆಟ್ ನೀರು ಬೀಳೋದು, ಹಾಗಾಗಿ ಈ ಗಂಟುಮುಖದ ಮನುಷ್ಯ ಅದೂ ಪ್ರಶ್ನೆ ಥರ ಎಳೆದು ಕೇಳಿದ್ದೇ ನಗು. ಎದುರಾಳಿ ಹಂಫ್ರೀನ ಕರೆದ್ರೂ ಬರ್ಲಿಲ್ಲ, ನವೆಂಬರ್‌ನಲ್ಲಿ ನಿಕ್ಸನ್ ಗೆದ್ದ. ಇನ್ನೊಬ್ಬರ ಅಂಕಿತ ತನ್ನ ಬಾಯಲ್ಲಿ ಹಾಕ್ಕೊಂಡ್ರೆ ಅದಕ್ಕೇನಂತೀರಿ? ಸೊಲ್ಲು ಅಂದ್ರೆ ಇಲ್ಲಿ ಸರಿಹೋಗತ್ತೆ, ಸೊಲ್ಲು ಯಾರು ಬೇಕಾದ್ರೂ ಹಿಡೀಬಹುದು.

ಬರೆಯೋದ್ರಲ್ಲೂ ಒಂದು ಫಜೀತಿ ಇದೆ. ಮಾರ್ಕ್ ಅಂಡ್ ಮಿಂಡಿ ಅನ್ನೋ ಕಾಮಿಡಿಯಲ್ಲಿ ರಾಬಿನ್ ವಿಲಿಯಮ್ಸ್ ಮಾರ್ಕ್ ಅನ್ನೋ ಅನ್ಯಗ್ರಹದವನು, ಅವನ ನಮಸ್ಕಾರ "ನಾನು ನಾನು". ಇದನ್ನ ಕನ್ನಡದಲ್ಲಿ ಬರೆದ್ರೆ ಜಂಬದ ಕೋಳಿ ಅನ್ಸತ್ತೆ, ಸರಿ ದೀರ್ಘ ಕೊಡೋಣ ಅಂದ್ರೆ "ನಾನೂ ನಾನೂ" ಅಂತಾಗಿ ಬಸ್ ಹತ್ತೋಕೆ ಓಡಿ ಬರ್ತಿರೋ ಹಾಗಿದೆ. ಹೈಫನ್ ಹಾಕಿ ನಾ-ನೂ ನಾ-ನೂ ಅಂದ್ರೆ ಪರವಾಗಿಲ್ವಾ?

ಇದೇ ಮಾರ್ಕ್ ಮೊದಲು ಬಂದಿದ್ದು ಹ್ಯಾಪಿ ಡೇಸ್ ಅನ್ನೋ ಇನ್ನೊಂದು ಕಾಮಿಡಿಯಲ್ಲಿ, 1978 ಫೆಬ್ರವರಿ. ಅದೇ ಸೀಸನ್ನಿನ ಶುರುವಲ್ಲಿ, 1977 ಸೆಪ್ಟೆಂಬರ್‌ನಲ್ಲಿ, ಹೆನ್ರಿ ವಿಂಕ್ಲರ್‌ನ ಫಾಂಜಿ ಲೆದರ್ ಜಾಕೆಟ್ ಹಾಕ್ಕೊಂಡೇ ವಾಟರ್ ಸ್ಕೀ ಮೇಲೆ ಶಾರ್ಕ್ ಹಾರಿದ್ದು. ಎಂಬತ್ತರ ದಶಕದಲ್ಲಿ ಮಿಶಿಗನ್ ಯೂನಿವರ್ಸಿಟಿ ಹುಡುಗ್ರು ಹರಟೆ ಹೊಡೀತಾ ಯಾವ್ಯಾವ ಶೋ ಯಾವ ಕ್ಷಣದಲ್ಲಿ ಕೆಡ್ತು ಅಂತ ಮಾತಾಡ್ವಾಗ "ಜಂಪ್ ದ ಶಾರ್ಕ್" ಹುಟ್ಟಿದ್ದು, ಅವ್ರಲ್ಲೊಬ್ಬ ಜಾನ್ ಹೈನ್ 1997ರಲ್ಲಿ ಅದ್ರ ಹೆಸರಲ್ಲೇ ವೆಬ್‌ಸೈಟ್ ಮಾಡಿದ್ಮೇಲೆ ಊರೆಲ್ಲ ಹಬ್ಬಿತು. ಇದನ್ನ ಫಾಂಜಿ ಯಾವತ್ತೂ ಹೇಳಿಲ್ಲ, ಅವನ ಅಂಕಿತ "ಏಯ್!" ಅಷ್ಟೇ, ಆದ್ರಿಂದ ಇದು ಕ್ಯಾಚ್‌ಫ್ರೇಸ್ ಲೆಕ್ಕಕ್ಕೆ ಬರಲ್ಲ, ನುಡಿಗಟ್ಟು ಅನ್ನೋಣ. ಕನ್ನಡದಲ್ಲಿ ಇದಕ್ಕೆ ಸಮನಾದ್ದು ಇದ್ಯಾ? ಸೀರಿಯಲ್‌ನ ರಬ್ಬರ್ ಥರ ಎಳೀತಾರೆ ಅಂತೀವಿ, ಅದು ನಿಧಾನದ ಸಾವು, ಇದು ಒಂದೇ ಏಟಿಗೆ ಗೊತ್ತಾಗೋದು. ಹಾರಿದ ಮೇಲೂ ಆ ಶೋ 1984ರ ತನಕ ನಡೀತು ಅನ್ನೋದು ಬೇರೆ ಮಾತು, ನನ್ನ ಕೇಳಿದ್ರೆ ಶಾರ್ಕ್‌ಗೆ ಸುಮ್ನೆ ಕೆಟ್ಟ ಹೆಸರು.

ಹೇಳೇ ಇಲ್ಲದ ಮಾತಿಗೇನು ಹೆಸರು ಅನ್ನೋದೂ ಇದೆ. ಐ ಲವ್ ಲೂಸಿ ಅಂದ್ರೆ ಎಲ್ಲರ ಬಾಯಲ್ಲೂ "ಲೂಸಿ, ಯು ಗಾಟ್ ಸಮ್ ಸ್ಪ್ಲೇನಿಂಗ್ ಟು ಡೂ". ಲೂಸಿ ಗಂಡ ರಿಕ್ಕಿ ಎಕ್ಸ್‌ಪ್ಲೇನ್‌ನ ಸ್ಪ್ಲೇನ್ ಅಂತಾನೆ ನಿಜ, ಆದ್ರೆ ಈ ವಾಕ್ಯ ಹೀಗೇ ಪೂರ್ತಿಯಾಗಿ ಅವನು ಆ ಸೀರಿಯಲ್‌ನಲ್ಲಿ ಹೇಳಿಲ್ಲ. ಇದಕ್ಕೆ ಮಾತ್ರ ನಾನು ಬೇರೆ ಪದ ಹುಡುಕಲ್ಲ, ಹಸ್ತಪ್ರತಿ ನೋಡೋರ ಪದಾನೇ ಇದೆ, ಪ್ರಕ್ಷಿಪ್ತ, ಅಂದ್ರೆ ಮೂಲದಲ್ಲಿಲ್ಲದೆ ಆಮೇಲೆ ಸೇರ್ಕೊಂಡಿದ್ದು. ಬೇಡ ಅನ್ನೋರಿದ್ರೆ ಕಾರಣ ಹೇಳಿ.

ಈಗ ಗೆಸ್ಟ್ ಸ್ಟಾರ್. ಅತಿಥಿ ನಟ ಅಂತ ನಮ್ಮ ಸಿನಿಮಾ ಟೈಟಲ್ ಕಾರ್ಡಲ್ಲಿ ಓದಿರೋರಿಗೆ ಅದು ಆಗ್ಲೇ ದೊಡ್ಡ ಹೆಸರಿರೋರು ಮುಖ ತೋರ್ಸಿ ಹೋಗೋದು. 1955ರಲ್ಲಿ ಲೂಸಿ ಎದುರು ಹಾಲಿವುಡ್ ನಟ ವಿಲಿಯಂ ಹೋಲ್ಡನ್ ವಿಲಿಯಂ ಹೋಲ್ಡನ್ ಆಗೇ ಬಂದು, ಹೋಟೆಲಲ್ಲಿ ಮುಖಕ್ಕೆ ಕ್ರೀಮ್ ಬಡಿಸ್ಕೊಂಡು, ಆಮೇಲೆ ಅವಳ ಅಂಟಿಸಿದ ಮೂಗಿಗೆ ಬೆಂಕಿ ಹತ್ತೋದನ್ನ ನೋಡ್ತಾನಲ್ಲ, ಅಲ್ಲಿ ಅತಿಥಿ ನಟ ಸರಿಯಾಗಿ ಕೂರತ್ತೆ. ರಾಬಿನ್ ವಿಲಿಯಮ್ಸ್ ಹ್ಯಾಪಿ ಡೇಸ್‌ಗೆ ಬಂದಾಗ ಅವನನ್ನ ದೇಶಕ್ಕೆ ಗೊತ್ತೇ ಇರ್ಲಿಲ್ಲ, ಅತಿಥಿಯಾಗಿ ಬಂದು ಸ್ವಂತ ಮನೆ ಕಟ್ಕೊಂಡು ಹೋದ. ನಿಕ್ಸನ್ ನಟ ಅಲ್ಲ (ರಾಜಕಾರಣದ ಜೋಕ್ ಬೇಡ). ನ್ಯಾನ್ಸಿ ರೇಗನ್ 1983ರಲ್ಲಿ ಡಿಫರೆಂಟ್ ಸ್ಟ್ರೋಕ್ಸ್‌ಗೆ ಬಂದಿದ್ದು ಡ್ರಗ್ಸ್ ವಿರುದ್ಧದ ತನ್ನ "ಜಸ್ಟ್ ಸೇ ನೋ" ಪ್ರಚಾರಕ್ಕೆ, ಅಧ್ಯಕ್ಷರ ಹೆಂಡತಿಯಾಗಿ, ಆದ್ರೆ ಆಕೆ ಮದುವೆಗೆ ಮುಂಚೆ ಹಾಲಿವುಡ್‌ನಲ್ಲಿ ನಟಿಯಾಗಿದ್ದೋರೇ, ಅತಿಥಿ ನಟಿ ಅಂದ್ರೆ ಯಾವ ಅರ್ಥದಲ್ಲಿ ತಗೋಬೇಕು? ಎಲ್ಲರಿಗೂ ಬರೀ "ಅತಿಥಿ" ಅಂತ ಹಾಕ್ಬಿಡೋಣ ಅನ್ಕೊಂಡಿದೀನಿ, ಒಪ್ತೀರಾ?

ಸದ್ಯಕ್ಕೆ ಶೀಟಲ್ಲಿ "ಈ ಸೊಲ್ಲು ಯಾರ ಅಂಕಿತ?" ಅಂತ ಎರಡೂ ಸೇರಿಸಿ ಬರೆದಿಟ್ಟಿದೀನಿ. ಸುಮ್ನೆ ಕ್ಯಾಚ್‌ಫ್ರೇಸ್ ಅಂತಾನೇ ಬಿಡಿ ಸ್ವಾಮಿ ಅನ್ನೋರೂ ಬರೀರಿ, ಆದ್ರೆ ಬಹುವಚನಕ್ಕೆ ಕ್ಯಾಚ್‌ಫ್ರೇಸುಗಳು ಅನ್ಬೇಕಾ ಕ್ಯಾಚ್‌ಫ್ರೇಸ್‌ಗಳು ಅನ್ಬೇಕಾ ಅದನ್ನೂ ತೀರ್ಮಾನ ಮಾಡಿ ಹೇಳಿ.