ಗೀಸರ್‌ಗೆ ಯಾವ ಥರ್ಮೋಸ್ಟಾಟ್ ಹಾಕಿಸಲಿ? ನಿಮ್ಮ ಅನುಭವ ಹೇಳಿ

ಕೇಳಿದವರು:
ನಮ್ಮ ಗೀಸರ್ 15 ಲೀಟರಿನದು, 2000 ವ್ಯಾಟ್. ಒಂಬತ್ತು ವರ್ಷ ದೊಡ್ಡ ತೊಂದರೆಯೇನೂ ಕೊಡಲಿಲ್ಲ. ಈಗ ಒಂದು ವಾರದಿಂದ ನಲ್ಲಿ ತಿರುಗಿಸಿದರೆ ನೀರಿನ ಜೊತೆ ಬುಸ್ಸೆಂದು ಹಬೆ ಬರುತ್ತಿದೆ. ದೀಪ ಆರುವುದೇ ಇಲ್ಲ. ನೋಡಲು ಬಂದವರು ಥರ್ಮೋಸ್ಟಾಟ್ ಹೋಗಿದೆ, ಹೊಸದು ತಂದಿಡಿ ಎಂದರು. ಅಂಗಡಿಯಲ್ಲಿ ಮೂರು ಥರದ್ದು ತೋರಿಸಿದರು. ಒಂದು ಉದ್ದ ಕಡ್ಡಿಯಂಥದ್ದು, ಇನ್ನೊಂದು ತಂತಿಯ ತುದಿಗೆ ಸಣ್ಣ ಬಲ್ಬು ಇರುವುದು, ಮತ್ತೊಂದು ನಾಣ್ಯದ ಹಾಗೆ ದುಂಡಗಿನದು. ಯಾವುದು ಒಳ್ಳೆಯದು? ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದಾರೆ, ಮೂರು ವರ್ಷದ ಮಗಳಿದ್ದಾಳೆ. ಎಷ್ಟು ಡಿಗ್ರಿಗೆ ಇಡಬೇಕು ಅಂತಲೂ ಹೇಳಿ.

ಇದೇ ಪಾಡು ಪಟ್ಟವರು:
ಮೊದಲು ಸ್ವಿಚ್ ಆರಿಸಿಬಿಡಿ. ಹೊಸದು ಹಾಕುವವರೆಗೆ ಆ ಗೀಸರ್ ಬೇಡವೇ ಬೇಡ. ನಮ್ಮಲ್ಲೂ ಹೀಗೇ ಆಗಿತ್ತು. ಥರ್ಮೋಸ್ಟಾಟ್ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಒಂದಕ್ಕೊಂದು ಅಂಟಿಕೊಂಡಿತ್ತು. ನೀರು ಎಷ್ಟು ಕಾದರೂ ಕರೆಂಟ್ ನಿಲ್ಲುತ್ತಿರಲಿಲ್ಲ. ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತಿತ್ತು. ವಾಲ್ವ್ ಕೆಟ್ಟಿದೆ ಅಂದುಕೊಂಡು ಅದನ್ನೇ ಬದಲಾಯಿಸಿದೆವು. ಪಾಪ, ಅದು ಒತ್ತಡ ಹೊರಗೆ ಬಿಟ್ಟು ನಮ್ಮನ್ನು ಕಾಯುತ್ತಿತ್ತು. ಈಗ ನೆನೆಸಿಕೊಂಡರೂ ಎದೆ ಝಲ್ಲೆನ್ನುತ್ತದೆ.

ಹಬೆ ಬರುವಷ್ಟು ಕಾದಿದೆ ಅಂದರೆ ನಿಮ್ಮ ಕಟೌಟ್, ಅಂದರೆ ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಸ್ವಿಚ್, ಕೂಡ ಕೆಲಸ ಮಾಡಿಲ್ಲ. ಬಂದವರ ಹತ್ತಿರ ಅದನ್ನು ಕೇಳಿಯೇ ಕೇಳಿ.

ರಿಪೇರಿ ಕೆಲಸದವರು:
ಕಟೌಟ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತುಂಬಾ ಜನ ಥರ್ಮೋಸ್ಟಾಟ್, ಕಟೌಟ್ ಎರಡೂ ಒಂದೇ ಅಂದುಕೊಂಡಿದ್ದಾರೆ. ಥರ್ಮೋಸ್ಟಾಟ್ ನಾವು ಇಟ್ಟ ಡಿಗ್ರಿಗೆ ಕರೆಂಟ್ ನಿಲ್ಲಿಸುತ್ತದೆ, ನೀರು ಸ್ವಲ್ಪ ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ದಿನವೂ ಅದೇ ಕೆಲಸ. ಕಟೌಟ್ ಸುಮ್ನೆ ಕೂತಿರುತ್ತದೆ. ಥರ್ಮೋಸ್ಟಾಟ್ ಕೈಕೊಟ್ಟು ನೀರು ಸುಮಾರು 85ರಿಂದ 95 ಡಿಗ್ರಿ ಮುಟ್ಟಿದಾಗ ಮಾತ್ರ ಅದು ಕರೆಂಟ್ ಕಡಿಯುತ್ತದೆ. ಆಮೇಲೆ ಗುಂಡಿ ಒತ್ತುವವರೆಗೂ ಮತ್ತೆ ಕೊಡುವುದಿಲ್ಲ. ಕೆಲವದರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ, ಕೆಲವದರಲ್ಲಿ ಬೇರೆ ಬೇರೆ. ನಿಮ್ಮದರಲ್ಲಿ ಬೇರೆ ಇದ್ದರೆ ಎರಡನ್ನೂ ಬದಲಾಯಿಸಿ. ಒಂದನ್ನೇ ಹಾಕಿಸಿ ಇನ್ನೊಂದನ್ನು ಹಾಗೇ ಬಿಡಬೇಡಿ.

ಇನ್ನು ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದಿರಿ. ನಿಮ್ಮ ಟ್ಯಾಂಕಿಗೆ ಯಾವುದು ಕೂರುತ್ತದೋ ಅದೇ ಒಳ್ಳೆಯದು. ಹಳೆಯದನ್ನು ಬಿಚ್ಚಿಸಿ, ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಫೋಟೋ ಸಾಲದು, ಉದ್ದ ಗೊತ್ತಾಗುವುದಿಲ್ಲ.

ಕಡ್ಡಿಯಂಥದ್ದು ಹೀಟಿಂಗ್ ಎಲಿಮೆಂಟ್ ಪಕ್ಕದಲ್ಲಿರುವ ಒಂದು ಕೊಳವೆಯೊಳಗೆ ಕೂರುತ್ತದೆ. ಹೊರಗೆ ಹಿತ್ತಾಳೆ, ಒಳಗೆ ಇನ್ವಾರ್ ಎಂಬ ಲೋಹದ ಕಡ್ಡಿ. ಬಿಸಿಗೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಆ ಕೂದಲೆಳೆಯಷ್ಟು ವ್ಯತ್ಯಾಸವೇ ಸ್ವಿಚ್ಚನ್ನು ಎಳೆಯುತ್ತದೆ. ಇದರಲ್ಲಿ ಉದ್ದ ಮುಖ್ಯ. ಗಿಡ್ಡದ್ದು ಹಾಕಿದರೆ ಕೊಳವೆಯ ಬಾಯಿ ಹತ್ತಿರದ ನೀರಿನ ಬಿಸಿ ಮಾತ್ರ ಅದಕ್ಕೆ ತಿಳಿಯುತ್ತದೆ. ಉದ್ದ ಜಾಸ್ತಿಯಾದರೆ ತಲೆ ಹೊರಗೆ ನಿಲ್ಲುತ್ತದೆ.

ಬಲ್ಬು ಇರುವುದರಲ್ಲಿ ತಂತಿ ಅಂದುಕೊಂಡಿದ್ದೀರಲ್ಲ, ಅದು ತಂತಿಯಲ್ಲ, ಕೂದಲಿನಷ್ಟು ಸಣ್ಣ ತೂತಿನ ತಾಮ್ರದ ಕೊಳವೆ. ಒಳಗೆ ದ್ರವ ಇರುತ್ತದೆ. ಕೂರಿಸುವಾಗ ಎಲ್ಲಾದರೂ ಮಡಿಚಿ ಒಡೆದು ದ್ರವ ಸೋರಿದರೆ ಅದಕ್ಕೆ ಬಿಸಿಯೇ ತಿಳಿಯುವುದಿಲ್ಲ. ಬಲ್ಬನ್ನು ಕೊನೆಯವರೆಗೂ ತಳ್ಳಿರಬೇಕು. ಅರ್ಧ ಹೊರಗಿದ್ದರೆ ನೀರು ಕುದಿಯುವಷ್ಟಾದರೂ ಅದು ಇನ್ನೂ ತಣ್ಣಗಿದೆ ಅಂದುಕೊಳ್ಳುತ್ತದೆ. ದುಂಡಗಿನದು ಟ್ಯಾಂಕಿನ ಮೈಗೆ ಅಂಟಿ ಕೂರುವಂಥದ್ದು. ಸಾಮಾನ್ಯವಾಗಿ ಅದರ ಡಿಗ್ರಿ ಮೊದಲೇ ಗೊತ್ತುಮಾಡಿರುತ್ತಾರೆ, ತಿರುಗಿಸಿ ಬದಲಿಸಲು ಆಗದು. ಹಳೆಯದರ ಮೇಲೆ ಬರೆದಿರುವ ಡಿಗ್ರಿಯನ್ನೇ ತನ್ನಿ.

ಆಮೇಲೆ ಆಂಪ್ಸ್ ನೋಡಿ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ, ಸುಮಾರು 8.7 ಆಂಪ್ಸ್ ಬರುತ್ತದೆ. 3000 ವ್ಯಾಟ್ ಆದರೆ 13. 10 ಆಂಪ್ಸಿನದೂ ತಡೆಯುತ್ತದಲ್ಲ ಅನ್ನಿಸಬಹುದು. ಬೇಡ, 16 ಆಂಪ್ಸಿನದೇ ಇರಲಿ. ದಿನಕ್ಕೆ ಹತ್ತಾರು ಸಲ ಇಷ್ಟು ಕರೆಂಟನ್ನು ಕಡಿದು ಸೇರಿಸುವಾಗ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರುತ್ತದೆ. ಹಗುರದ್ದು ಬೇಗ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ನಾನು ಬಿಚ್ಚಿದ ಎಷ್ಟೋ ಥರ್ಮೋಸ್ಟಾಟ್‌ಗಳು ತಾವಾಗಿ ಕೆಟ್ಟಿರಲಿಲ್ಲ. ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ಸಡಿಲವಾಗಿ, ಅಲ್ಲೇ ಬಿಸಿಯಾಗಿ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟಿದ್ದವು. ಹಳೇ ಲಗ್ಗನ್ನೇ ಹೊಸದಕ್ಕೆ ಸಿಕ್ಕಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಸುಟ್ಟ ವೈರನ್ನು ಕತ್ತರಿಸಿ ಹೊಸ ಲಗ್ ಬಿಗಿಯಾಗಿ ಒತ್ತಿಸಿ.

ಇಬ್ಬರು ಮಕ್ಕಳ ತಾಯಿ:
ಡಿಗ್ರಿ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನನ್ನ ಮಗನ ಅಂಗೈ ಸುಟ್ಟಿತ್ತು. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೂ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. 54ಕ್ಕೆ ಸುಮಾರು ಅರ್ಧ ನಿಮಿಷ ಬೇಕು, 49ಕ್ಕೆ ಐದು ನಿಮಿಷ. ಮಕ್ಕಳ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ವಯಸ್ಸಾದವರಿಗೆ ಥಟ್ಟನೆ ಕೈ ತೆಗೆಯಲು ಆಗುವುದಿಲ್ಲ. ಬಕೆಟ್ಟಾಗಲಿ ಟಬ್ಬಾಗಲಿ, ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಮ್ಮ ಮನೆಯಲ್ಲಿ ಈಗ ಈ ಕ್ರಮ ಯಾರೂ ತಪ್ಪಿಸುವುದಿಲ್ಲ.

ಕರೆಂಟ್ ಉಳಿಸಲು ಹೋದವರು:
ಹಾಗಂತ ತೀರಾ ಕಡಿಮೆ ಇಡಬೇಡಿ. ನಾನು 45ಕ್ಕೆ ಇಟ್ಟಿದ್ದೆ. ಮೂರನೆಯವರ ಸ್ನಾನಕ್ಕೆ ತಣ್ಣೀರೇ ಗತಿ. ಲೆಕ್ಕ ಹಾಕಿ ನೋಡಿದೆ. ತಣ್ಣೀರು 25 ಡಿಗ್ರಿ ಇದ್ದು, ಸ್ನಾನಕ್ಕೆ 40 ಡಿಗ್ರಿ ಬೇಕು ಅಂದುಕೊಳ್ಳಿ. 15 ಲೀಟರ್ ನೀರು 45ರಲ್ಲಿದ್ದರೆ ಬೆರೆಸಿದ ಮೇಲೆ 20 ಲೀಟರ್ ಸಿಗುತ್ತದೆ. 60ರಲ್ಲಿದ್ದರೆ 35 ಲೀಟರ್! ಅದೇ ಟ್ಯಾಂಕ್, ಎಷ್ಟು ವ್ಯತ್ಯಾಸ ಅಲ್ವಾ?

ಇನ್ನೊಂದು ಕಾರಣವೂ ಇದೆ. ಲೀಜನೆಲ್ಲ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಆ ನೀರಿನ ತುಂತುರು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಸೋಂಕು ತರಬಲ್ಲದು, ವಯಸ್ಸಾದವರಿಗೆ ಅಪಾಯ ಜಾಸ್ತಿ. 60ರಲ್ಲಿ ಅದು ಸಾಯುತ್ತದೆ. ನಾನೀಗ 60ಕ್ಕೆ ಇಟ್ಟು, ಹೊರಬರುವ ಪೈಪಿಗೆ ತಣ್ಣೀರು ಬೆರೆಸಿ ಕೊಡುವ ಮಿಕ್ಸಿಂಗ್ ವಾಲ್ವ್ ಹಾಕಿಸಿದ್ದೇನೆ. ಟ್ಯಾಂಕಿನಲ್ಲಿ ಬಿಸಿ, ನಲ್ಲಿಯಲ್ಲಿ ಹದ. ಉಳಿತಾಯ ಬೇಕಿದ್ದರೆ ಇಡೀ ದಿನ ಆನ್ ಇಡದಿದ್ದರೆ ಸಾಕು.

ಗಡಸು ನೀರಿನ ಮನೆಯವರು:
60ರ ಮೇಲೆ ಮಾತ್ರ ಹೋಗಬೇಡಿ. ಗಡಸು ನೀರಾದರೆ ಬಿಸಿ ಏರಿದಷ್ಟೂ ಬಿಳಿ ಪದರ ಜಾಸ್ತಿ ಕಟ್ಟುತ್ತದೆ. ನಮ್ಮದರಲ್ಲಿ ಕೊಳವೆಯ ಸುತ್ತ ಬೆರಳು ದಪ್ಪ ಕಟ್ಟಿತ್ತು. ಬಿಸಿ ಒಳಗೆ ತಲುಪುವುದೇ ತಡವಾಗಿ ಹೊಸ ಥರ್ಮೋಸ್ಟಾಟ್ ಕೂಡ ಹೊತ್ತು ಮೀರಿ ನಿಲ್ಲುತ್ತಿತ್ತು. ಹೇಗೂ ಬಿಚ್ಚಿಸುತ್ತೀರಿ, ಟ್ಯಾಂಕ್ ಒಳಗನ್ನೂ ತೊಳೆಸಿಬಿಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬಿಚ್ಚಿಸಿದೆವು. ನೀವು ಹೇಳಿದ್ದಕ್ಕೇ ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಟೌಟ್ ಇತ್ತು, ಆದರೆ ಎರಡು ವೈರನ್ನು ಅದರ ಆಚೆಯಿಂದ ನೇರ ಸೇರಿಸಿ ಟೇಪ್ ಸುತ್ತಿದ್ದರು. ಹಿಂದೊಮ್ಮೆ ನೀರು ಕಾಯುತ್ತಿಲ್ಲ ಅಂತ ರಿಪೇರಿ ಮಾಡಿಸಿದ್ದೆವು, ಆಗಲೇ ಹೀಗೆ ಮಾಡಿರಬೇಕು. ಇಷ್ಟು ದಿನ ಮಗಳಿಗೆ ಇದರಲ್ಲೇ ಸ್ನಾನ ಮಾಡಿಸಿದ್ದೇನೆ. ರಾತ್ರಿ ನಿದ್ದೆ ಬರಲಿಲ್ಲ.

ಕಡ್ಡಿಯಂಥದ್ದೇ ಇತ್ತು. ಅದೇ ಉದ್ದದ 16 ಆಂಪ್ಸಿನದು, ಹೊಸ ಕಟೌಟ್, ಹೊಸ ಲಗ್‌ಗಳು ಎಲ್ಲ ಹಾಕಿಸಿದೆ. ಮಿಕ್ಸಿಂಗ್ ವಾಲ್ವ್ ಬಂದಿಲ್ಲ, ಅದಕ್ಕೇ ಸದ್ಯ 55ಕ್ಕೆ ಇಟ್ಟಿದ್ದೇನೆ. ಸರಿ ಅಲ್ವಾ?

ರಿಪೇರಿ ಕೆಲಸದವರು:
ಸರಿ ಮೇಡಂ. ಆ ಟೇಪ್ ಸುತ್ತಿದ ಜಾಗ ನೋಡಿಯೇ ಬದಲಾಯಿಸಿದಿರಲ್ಲ, ಅದು ದೊಡ್ಡದು. ವಾಲ್ವ್ ಬಂದ ಮೇಲೆ 60ಕ್ಕೆ ಏರಿಸಿ. ಈಗ ಒಂದು ಪರೀಕ್ಷೆ ಮಾಡಿ. ಟ್ಯಾಂಕ್ ಪೂರ್ತಿ ತಣ್ಣಗಿದ್ದಾಗ ಆನ್ ಮಾಡಿ ಗಡಿಯಾರ ನೋಡಿ. ನೀರು 25ರಿಂದ 55ಕ್ಕೆ ಏರಲು ಹದಿನಾರು ನಿಮಿಷದ ಆಸುಪಾಸು ಬೇಕು. ದೀಪ ಆರಿದ ಕೂಡಲೇ ಬಿಸಿನೀರಿನ ನಲ್ಲಿ ಮಾತ್ರ ತಿರುಗಿಸಿ, ಒಂದು ಮಗ್ ನೀರು ಹಿಡಿದು ಥರ್ಮಾಮೀಟರ್ ಅದ್ದಿ. ಜ್ವರ ನೋಡುವುದು ಬೇಡ, ಅಡುಗೆಗೆ ಬಳಸುವಂಥದ್ದು ತಗೊಳ್ಳಿ.

ಕೇಳಿದವರು:
ನೋಡಿದೆ. ಹದಿನೇಳನೇ ನಿಮಿಷಕ್ಕೆ ದೀಪ ಆರಿತು. ಥರ್ಮಾಮೀಟರ್ 56 ತೋರಿಸಿತು.